ಪಿವಿಸಿ ಬದಲು ಎಪೆಟ್ ಹಾಕಿದರೆ ಬ್ಲಿಸ್ಟರ್ ಬಿಳಿಚುತ್ತಿದೆ, ಸೀಲೂ ನಿಲ್ಲುತ್ತಿಲ್ಲ

ಪೀಣ್ಯ ಬ್ಲಿಸ್ಟರ್:
ಚನ್ನಪಟ್ಟಣದ ಮರದ ಬುಗುರಿಗೆ ಬ್ಲಿಸ್ಟರ್ ಕಾರ್ಡ್ (ಶೀಟ್ ಕಾಯಿಸಿ ಎಳೆದು ಮಾಡಿದ ಪಾರದರ್ಶಕ ಗೂಡು, ಅದಕ್ಕೆ ಬಿಸಿಯಿಂದ ಅಂಟಿಸಿದ ರಟ್ಟು) ಆಗಬೇಕು. ಫೀಮೇಲ್ ಮೌಲ್ಡ್ (ಶೀಟನ್ನು ಒಳಕ್ಕೆ ಎಳೆಯುವ ತಗ್ಗಿನ ಅಚ್ಚು), ಬಾಯಿ 60×60 ಮಿಮೀ, ಆಳ 30 ಮಿಮೀ. ಇಲ್ಲಿಯವರೆಗೆ 300 ಮೈಕ್ರಾನ್ ಪಿವಿಸಿ ಓಡುತ್ತಿತ್ತು, ಈಗ ಗಿರಾಕಿಗೆ ಪಿವಿಸಿ ಬೇಡವಂತೆ. ಅದೇ ದಪ್ಪದ ಎಪೆಟ್ (ಪಾರದರ್ಶಕ ಪೆಟ್ ಪ್ಲಾಸ್ಟಿಕ್ ಶೀಟ್) ಹಾಕಿದರೆ ಬಿಳಿಚುತ್ತದೆ, ತಳದ ಮೂಲೆ ಬೆರಳಿಟ್ಟರೆ ತಗ್ಗುತ್ತದೆ, ಕಾರ್ಡಿನ ಸೀಲ್ ಕೈಯಲ್ಲೇ ಬಿಚ್ಚಿಕೊಳ್ಳುತ್ತದೆ. ಪೆಟ್‌ಜಿ (ಸುಲಭವಾಗಿ ಹರಳುಗಟ್ಟದ ಪೆಟ್ ಬಗೆ) ತಂದರೆ ಮೂರೂ ಸರಿಹೋಗುತ್ತಾ? ಕೌಂಟರ್ ಮೇಲಿಡುವ ಡಿಸ್‌ಪ್ಲೇ ಸ್ಟ್ಯಾಂಡನ್ನೂ ಅದರಲ್ಲೇ ಮಾಡಬಹುದಾ?

ಮೌಲ್ಡ್ ಬೆಂಚ್:
ಶೀಟ್ ಬದಲಿಸುವ ಮೊದಲು ಬಿಳುಪು ಎಲ್ಲಿದೆ ನೋಡಿ ಸರ್. ಎಳೆಯದ ಚಪ್ಪಟೆ ಭಾಗವೂ ಹಾಲಿನಂತಾಗಿದ್ದರೆ ಕಾವು ಹೆಚ್ಚಾಗಿ ಎಪೆಟ್ ಹರಳುಗಟ್ಟಿದೆ. ಆ ಜಾಗ ಪೆಡಸಾಗಿ ಮುರಿಯುತ್ತದೆ. ಗೋಡೆ, ಮೂಲೆಗಳಲ್ಲಿ ಮಾತ್ರ ಇದ್ದರೆ ಕಾವು ಸಾಲದೆ ಎಳೆದದ್ದು. ಎರಡಕ್ಕೂ ಮದ್ದು ತದ್ವಿರುದ್ಧ. ಎಪೆಟ್‌ಗೆ ಶೀಟಿನ ಕಾವು ಸುಮಾರು 100–120 ಡಿಗ್ರಿ ಇರಬೇಕು, 130 ದಾಟಿದರೆ ಅಪಾಯ. ಹೀಟರ್ ಪ್ಯಾನೆಲ್ ತೋರಿಸುವುದು ಶೀಟಿನ ಕಾವಲ್ಲ, ಶೀಟಿಗೇ ಟೆಂಪರೇಚರ್ ಸ್ಟಿಕ್ಕರ್ ಅಂಟಿಸಿ ನೋಡಿ.

ಮೂಲೆ ತಗ್ಗುವುದು ಬರೀ ಲೆಕ್ಕದ ಮಾತು. ಬಾಯಿಯ ಕ್ಷೇತ್ರ 3600 ಚದರ ಮಿಮೀ. ತಳ 3600, ನಾಲ್ಕು ಗೋಡೆ 7200, ಒಟ್ಟು 10800. ಅಂದರೆ ಮೂರು ಪಟ್ಟು ಹಿಗ್ಗುತ್ತದೆ, 300 ಮೈಕ್ರಾನ್ ಸರಾಸರಿ 100ಕ್ಕೆ ಇಳಿಯುತ್ತದೆ. ಫೀಮೇಲ್ ಮೌಲ್ಡಿನಲ್ಲಿ ತಳದ ಮೂಲೆ ಕೊನೆಗೆ ತುಂಬುವುದರಿಂದ ಅಲ್ಲಿ ಇನ್ನೂ ತೆಳು. 450 ಮೈಕ್ರಾನ್ ಶೀಟ್ ತಗೊಳ್ಳಿ, ಇಲ್ಲವೇ ಪ್ಲಗ್ ಅಸಿಸ್ಟ್ (ಕಾದ ಶೀಟನ್ನು ಮೊದಲೇ ತಳದ ಕಡೆ ತಳ್ಳುವ ದಿಮ್ಮಿ) ಕೂರಿಸಿ ತಳದ ಮೂಲೆಗೆ 3–4 ಮಿಮೀ ರೇಡಿಯಸ್ ಕೊಡಿ. ನನ್ನ ಓಟು ಪ್ಲಗ್ಗಿಗೆ. ಶೀಟಿನ ಖರ್ಚು ಪ್ರತಿ ಪೀಸಿಗೂ ಬರುತ್ತದೆ, ಪ್ಲಗ್ಗಿನ ಖರ್ಚು ಒಂದೇ ಸಲ.

ಸೀಲಿಂಗ್ ಡೆಸ್ಕ್:
ಸೀಲಿಗೆ ಮೊದಲು ಕಾರ್ಡ್ ನೋಡಿ. ಪಿವಿಸಿಗೆಂದು ಹಚ್ಚಿದ ಹೀಟ್ ಸೀಲ್ ಕೋಟಿಂಗ್ (ಬಿಸಿಗೆ ಮೆತ್ತಗಾಗಿ ಅಂಟುವ ಲೇಪ) ಎಪೆಟ್ ಅನ್ನು ಸರಿಯಾಗಿ ಹಿಡಿಯುವುದಿಲ್ಲ. ಎಪೆಟ್‌ಗೆ ಹೊಂದುವ ಕೋಟಿಂಗ್ ಬೇಕೆಂದು ಪ್ರಿಂಟರ್‌ಗೆ ಬರೆದೇ ಕೊಡಿ. ಸೀಲ್ ಬೀಳುವ ಪಟ್ಟಿಯಲ್ಲಿ ಬೇರೆ ವಾರ್ನಿಶ್ ಇರಬಾರದು.

ಎರಡನೆಯದು ಸಿಲಿಕೋನ್. ಬ್ಲಿಸ್ಟರ್‌ಗಳು ಒಂದಕ್ಕೊಂದು ಕಚ್ಚಿಕೊಳ್ಳದಿರಲಿ ಎಂದು ಎಪೆಟ್ ರೋಲಿಗೆ ಅದನ್ನು ಹಚ್ಚಿರುತ್ತಾರೆ. ಆ ಮೈ ಕಾರ್ಡಿನ ಕಡೆ ಬಂದರೆ ಸೀಲ್ ನಿಲ್ಲದು. ಒಂದೇ ಮೈಗೆ ಹಚ್ಚಿದ ರೋಲ್ ಕೇಳಿ, ಯಾವ ಮೈ ಎಂದು ಪ್ಯಾಕಿಂಗ್ ಮೇಲೆ ಗುರುತು ಹಾಕಿಸಿ. ಇಷ್ಟಾದ ಮೇಲೂ ಹಿಡಿಯದಿದ್ದರೆ ಜಿಎಜಿ ನೋಡಿ: ನಡುವೆ ಎಪೆಟ್, ಎರಡೂ ಮೈಗೆ ತೆಳು ಪೆಟ್‌ಜಿ. ಪೂರ್ತಿ ಪೆಟ್‌ಜಿಗಿಂತ ಅಗ್ಗ, ಸೀಲಿಗೆ ಎಪೆಟ್‌ಗಿಂತ ಸಲೀಸು.

ಸೀಲ್ ಪೂರ್ತಿ ಆರಿದ ಮೇಲೆ ಎಳೆದು ನೋಡಿ. ಬ್ಲಿಸ್ಟರ್ ಜೊತೆ ಕಾರ್ಡಿನ ನಾರು ಕಿತ್ತು ಬರಬೇಕು. ಕೋಟಿಂಗ್ ಮಾತ್ರ ನುಣ್ಣಗೆ ಬಿಟ್ಟರೆ ಫೇಲ್.

ಪೀಣ್ಯ ಬ್ಲಿಸ್ಟರ್:
ಬಿಳುಪು ಗೋಡೆಯಲ್ಲಿ ಮಾತ್ರ ಇದೆ. ಚಪ್ಪಟೆ ಭಾಗ ಗಾಜಿನ ಹಾಗಿದೆ.

ಮೌಲ್ಡ್ ಬೆಂಚ್:
ಹಾಗಾದರೆ ಕಾವು ಸಾಲದು. ಹೀಟರ್ ಏರಿಸಬೇಡಿ, ಕಾಯಿಸುವ ಹೊತ್ತನ್ನು ಅರ್ಧರ್ಧ ಸೆಕೆಂಡು ಹೆಚ್ಚಿಸುತ್ತಾ ಹೋಗಿ. ಶೀಟ್ ಮೊದಲು ಅಲೆಯಲೆಯಾಗಿ ಸುಕ್ಕಾಗುತ್ತದೆ, ಆಮೇಲೆ ಬಿಗಿಯುತ್ತದೆ, ನಂತರ ಸ್ವಲ್ಪ ಜೋಲುತ್ತದೆ. ಜೋಲಲು ಶುರುವಾದಾಗ ಎಳೆಯಿರಿ. ಮೌಲ್ಡಿಗೆ ನೀರು ಹರಿಯುತ್ತಿರಲಿ.

ಡಿಸ್‌ಪ್ಲೇ ಶೀಟ್:
ಸ್ಟ್ಯಾಂಡಿಗೆ 2–3 ಮಿಮೀ ಪೆಟ್‌ಜಿ ಒಳ್ಳೆಯದು. ಪಾಲಿಕಾರ್ಬೊನೇಟ್ ಆದರೆ ಮೊದಲು ಓವನ್‌ನಲ್ಲಿ ಗಂಟೆಗಟ್ಟಲೆ ಒಣಗಿಸಬೇಕು, ಇಲ್ಲದಿದ್ದರೆ ತೇವ ಗುಳ್ಳೆಯೇಳುತ್ತದೆ. ಪೆಟ್‌ಜಿಗೆ ಸಾಮಾನ್ಯವಾಗಿ ಆ ಕೆಲಸವಿಲ್ಲ. ಆದರೆ ಬೇಗ ಗೀರು ಬೀಳುತ್ತದೆ, ರಕ್ಷಣೆಯ ಫಿಲ್ಮ್ ಕೊನೆಗೆ ತೆಗೆಯಿರಿ. 70 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುವುದರಿಂದ ಬಿಸಿ ಲ್ಯಾಂಪಿನ ಹತ್ತಿರ ಬೇಡ. ಬಿಸಿಲಿಗೆ ಇಡುವುದಾದರೆ ಅಕ್ರಿಲಿಕ್, ಆದರೆ ಅದನ್ನು ಸ್ಪಿರಿಟ್‌ನಿಂದ ಒರೆಸಿದರೆ ಕೂದಲೆಳೆಯಂಥ ಬಿರುಕು ಬರುತ್ತದೆ. ಸೋಪು ನೀರು, ಮೆತ್ತನೆ ಬಟ್ಟೆ ಸಾಕು.

ಹಳೆ ಪಿವಿಸಿ ಚೂರನ್ನು ಎಪೆಟ್ ಸ್ಕ್ರ್ಯಾಪಿಗೆ ದಯವಿಟ್ಟು ಬೆರೆಸಬೇಡಿ. ಸಾಂದ್ರತೆ ಹೆಚ್ಚುಕಡಿಮೆ ಒಂದೇ, ನೀರಲ್ಲಿ ಎರಡೂ ಮುಳುಗುತ್ತವೆ, ಬೇರ್ಪಡಿಸಲಾಗದು. ಎಪೆಟ್ ಕರಗುವ ಕಾವಿಗೆ ಪಿವಿಸಿ ಸುಟ್ಟು ಇಡೀ ಲಾಟಿನಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಅನುಮಾನವಿದ್ದರೆ ಗಾಳಿಯಾಡುವ ಕಡೆ ತಾಮ್ರದ ತಂತಿ ಕೆಂಪಗೆ ಕಾಯಿಸಿ ಚೂರಿಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಬಣ್ಣ ಕಂಡರೆ ಪಿವಿಸಿ.