ದೇಹದಾನಕ್ಕೆ ಅಣ್ಣ ಒಪ್ಪುತ್ತಿಲ್ಲ: ಓದುಗರ ಸ್ಪಂದನ

ಕಾಪುವಿನ ಓದುಗಿಯ ಸಮಸ್ಯೆ: 81 ವರ್ಷದ ಅಪ್ಪ ದೇಹದಾನದ ಫಾರಂ ತುಂಬಿದ್ದಾರೆ. ‘ಹಾಗಾದರೆ ಬೊಜ್ಜ (ಉತ್ತರಕ್ರಿಯೆ) ಮಾಡುವುದು ಹೇಗೆ?’ ಎಂದು ಅಣ್ಣ ಜಗಳ ತೆಗೆಯುತ್ತಾನೆ.

ಅಪ್ಪನ ಸಹಿ ಒಂದೇ ಸಾಲದಮ್ಮ. ದೇಹ ಒಪ್ಪಿಸಬೇಕಾದವರು ಮಕ್ಕಳು. ಮನೆಯಲ್ಲಿ ತಕರಾರಿದ್ದರೆ ಮೆಡಿಕಲ್ ಕಾಲೇಜಿನವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಪ್ಪನೆದುರೇ ಅಣ್ಣನನ್ನು ಕೂರಿಸಿ ಮಾತಾಡಿ, ಸಾಧ್ಯವಾದರೆ ಸಾಕ್ಷಿಯ ಸಹಿಯನ್ನು ಅಣ್ಣನಿಂದಲೇ ಹಾಕಿಸಿ.

ಅಪ್ಪ ತೀರಿಕೊಂಡ ಮೇಲಿನದೆಲ್ಲ ಸಮಯದ ಪ್ರಶ್ನೆ. ತೊಡೆಯ ಅಥವಾ ಕುತ್ತಿಗೆಯ ರಕ್ತನಾಳಕ್ಕೆ ಫಾರ್ಮಲಿನ್ ದ್ರಾವಣ ಹರಿಸಿ ದೇಹ ಕೆಡದಂತೆ ಇಡುತ್ತಾರೆ. ತಡವಾದರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದ್ರಾವಣ ಬೆರಳ ತುದಿಯವರೆಗೆ ಹೋಗುವುದಿಲ್ಲ, ಹೋಗದ ಜಾಗ ಕೊಳೆಯುತ್ತದೆ. ನಮ್ಮ ಸೆಖೆಗೆ ಇದು ಇನ್ನೂ ಬೇಗ. ಮುಂಬೈಯವರಿಗೋ ದುಬೈಯವರಿಗೋ ಕಾಯುವುದಿದ್ದರೆ ಮನೆಯಲ್ಲಿಟ್ಟುಕೊಳ್ಳದೆ ಶವಾಗಾರದಲ್ಲಿಡಿ. ಮಣಿಪಾಲ, ದೇರಳಕಟ್ಟೆ, ಕಂಕನಾಡಿ ಎಲ್ಲ ಕಡೆ ಮೆಡಿಕಲ್ ಕಾಲೇಜುಗಳಿವೆ. ಎರಡು ಕಡೆಯ ಅನಾಟಮಿ (ಅಂಗರಚನಾಶಾಸ್ತ್ರ) ವಿಭಾಗದ ನಂಬರ್ ಬರೆದಿಟ್ಟು, ರಾತ್ರಿ ಮತ್ತು ಭಾನುವಾರ ತೆಗೆದುಕೊಳ್ಳುತ್ತಾರಾ ಎಂದು ಈಗಲೇ ಕೇಳಿ.

ಮನೆಯಲ್ಲಿ ತೀರಿಕೊಂಡರೆ ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಫಾರಂ 4ಎ ಬೇಕು. ಮರಣ ನೋಂದಣಿ 21 ದಿನದೊಳಗೆ ಆಗಬೇಕು, ಕಾಲೇಜು ಕೊಡುವ ಸ್ವೀಕೃತಿ ಪತ್ರ ಜೋಪಾನ. ಪೋಸ್ಟ್‌ಮಾರ್ಟಂ ಆದ ದೇಹ, ಎಚ್‌ಐವಿ ಅಥವಾ ಹೆಪಟೈಟಿಸ್ ಬಿ, ಸಿ ಇದ್ದವರ ದೇಹ ತೆಗೆದುಕೊಳ್ಳುವುದಿಲ್ಲ. ಮಲಗಿ ಮಲಗಿ ಬೆನ್ನಲ್ಲಿ ದೊಡ್ಡ ಹುಣ್ಣಾಗಿದ್ದರೂ ಬೇಡ ಎನ್ನಬಹುದು. ಅದಕ್ಕೇ ಸ್ಮಶಾನ ಯಾವುದೆಂಬುದನ್ನೂ ಅಪ್ಪನಲ್ಲೇ ಕೇಳಿಟ್ಟುಕೊಳ್ಳಿ.
— ಅನಾಟಮಿ ವಿಭಾಗದ ನಿವೃತ್ತ ಸಿಬ್ಬಂದಿ, ದೇರಳಕಟ್ಟೆ

ಕಣ್ಣು ಮರೆಯಬೇಡಿ. ಕಣ್ಣು ಕೊಟ್ಟ ಮೇಲೂ ದೇಹ ಸ್ವೀಕರಿಸುತ್ತಾರೆ. ತೀರಿಕೊಂಡ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆದಿಂಬಿನಿಂದ ತಲೆ ಸುಮಾರು 6 ಇಂಚು ಎತ್ತರಿಸಿ. ಫ್ಯಾನ್ ಆರಿಸಿ, ಗಾಳಿಗೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಣಗುತ್ತದೆ. ಪೊರೆಯ ಆಪರೇಷನ್ ಆಗಿದ್ದರೂ ಕೊಡಬಹುದು.
— ನರ್ಸ್, ಕಾರ್ಕಳ

ಅಣ್ಣನ ಸಂಕಟ ಸುಳ್ಳಲ್ಲ, ತಳ್ಳಿಹಾಕಬೇಡಿ. ಬಾಯಿಗೆ ನೀರು ಬಿಡುವುದು, ಸ್ನಾನ, ಹೊಸ ಬಟ್ಟೆ ಎಲ್ಲ ಗಾಡಿ ಬರುವ ಮೊದಲೇ ಆಗುತ್ತದೆ. ದೇಹ ಸಿಗದಾಗ ದರ್ಭೆಯ ಪ್ರತಿಕೃತಿ ಸುಡುವ ಕ್ರಮ ಶಾಸ್ತ್ರದಲ್ಲೇ ಇದೆ, ನಿಮ್ಮ ಭಟ್ಟರಲ್ಲಿ ಕೇಳಿ. ಬೊಜ್ಜದ ದಿನ ಬಡಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಬೂದಿ ಮಾತ್ರ ಸಿಗುವುದಿಲ್ಲ. ಇದನ್ನು ಅಣ್ಣನಿಗೆ ಮೊದಲೇ ಹೇಳಿ.
— ಉಡುಪಿಯ ಓದುಗರು

ಐಸಿಯು ಬೇಡ, ವೆಂಟಿಲೇಟರ್ ಬೇಡ ಎಂಬುದನ್ನು ದೇಹದಾನದ ಫಾರಂ ಹೇಳುವುದಿಲ್ಲ. ಅದಕ್ಕೆ ಬೇರೆಯೇ ವೈದ್ಯಕೀಯ ಉಯಿಲು ಬೇಕು. ಸುಪ್ರೀಂ ಕೋರ್ಟ್ 2023ರಲ್ಲಿ ನಿಯಮ ಸಡಿಲಿಸಿದ ಮೇಲೆ ಇಬ್ಬರು ಸಾಕ್ಷಿಗಳ ಎದುರು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಅಪ್ಪನ ಪರವಾಗಿ ನಿರ್ಧರಿಸುವವರ ಹೆಸರಿನಲ್ಲಿ ಅಣ್ಣನದ್ದೂ ಇರಲಿ, ಒಂದು ಪ್ರತಿ ಮನೆ ಡಾಕ್ಟರ ಕೈಯಲ್ಲಿರಲಿ.
— ವಕೀಲರು, ಮಂಗಳೂರು