ಇಎಂಡಿಆರ್ ಶುರು ಮಾಡಿದ ಕೂಡ್ಲೆ ಕ್ಲೈಂಟ್ ‘ಇಲ್ಲಿಂದ ಹೋಗಿಬಿಡ್ತಾರೆ’, ಪಾರ್ಟ್ಸ್ ವರ್ಕ್ ಜೊತೆ ಸೇರಿಸಿ ಮಾಡಿದವರು ಯಾರಾದ್ರೂ ಇದ್ದೀರಾ?

ಗಡಿನಾಡ_ಕೌನ್ಸೆಲರ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನವಳು, ಬದಿಯಡ್ಕ ಹತ್ತಿರ ಒಂದು ಸಣ್ಣ ಕ್ಲಿನಿಕ್ಕಲ್ಲಿ ವಾರಕ್ಕೆ ಮೂರು ದಿನ ಕೂತ್ಕೊಳ್ತೇನೆ. ಇಎಂಡಿಆರ್, ಅಂದ್ರೆ ನೋವಿನ ನೆನಪನ್ನು ಮನಸ್ಸಲ್ಲಿ ಇಟ್ಕೊಂಡು ಆಚೀಚೆ ಆಡುವ ಬೆರಳನ್ನು ಕಣ್ಣಿಂದ ಹಿಂಬಾಲಿಸುವ ಥೆರಪಿ, ಅದರ ಬೇಸಿಕ್ ಟ್ರೈನಿಂಗ್ ಆಗಿದೆ. ಮನಸ್ಸಿನ ಒಳಗಿನ ಬೇರೆ ಬೇರೆ ಪಾರ್ಟ್ಸ್ ಜೊತೆ ಮಾತಾಡುದಕ್ಕೆ ಪಾರ್ಟ್ಸ್ ವರ್ಕ್ ಅಂತಾರೆ, ಅದರಲ್ಲಿ ಒಂದು ಬಗೆ ಐಎಫ್ಎಸ್, ಅದು ಓದಿ ಗೊತ್ತು ಅಷ್ಟೆ. ಒಬ್ರು ಕ್ಲೈಂಟ್ ವಿಷಯ ಕೇಳ್ಲಿಕ್ಕುಂಟು, ಅವರ ಒಪ್ಪಿಗೆ ತಗೊಂಡೇ ಬರೀತಿದ್ದೇನೆ, ಗುರುತು ಸಿಗದ ಹಾಗೆ ಸುಮಾರು ಬದಲಾಯಿಸಿದ್ದೇನೆ.

ಮೂವತ್ತರ ಆಸುಪಾಸಿನ ಹೆಂಗಸು, ನಿದ್ದೆ ಇಲ್ಲ ಅಂತ ಬಂದದ್ದು. ಕುಂಬಳೆಯಲ್ಲಿ ಇಳೀಬೇಕಾದವರು ಉಪ್ಪಳದಲ್ಲಿ ಇಳಿದಿರ್ತಾರೆ, ನಡುವೆ ಏನಾಯ್ತು ಗೊತ್ತಿಲ್ಲ. ಅವರು ಅದನ್ನು ಮರೆವು ಅಂದ್ರು, ನಾನೂ ಹಾಗೇ ತಗೊಂಡೆ, ಡಿಸೋಸಿಯೇಷನ್ (ಮನಸ್ಸು ಇಲ್ಲಿಂದ ಕಳಚಿಕೊಳ್ಳುದು) ಉಂಟಾ ಅಂತ ಸ್ಕ್ರೀನಿಂಗ್ ಮಾಡ್ಲೇ ಇಲ್ಲ, ಅದು ನನ್ನ ದೊಡ್ಡ ತಪ್ಪು. ಸುಲಭದ್ದು ಅಂತ ಒಂದು ಬೈಕ್ ಆಕ್ಸಿಡೆಂಟ್ ನೆನಪನ್ನು ಟಾರ್ಗೆಟ್ ಇಟ್ಕೊಂಡು ಶುರು ಮಾಡಿದೆವು, ಹತ್ತರಲ್ಲಿ ಏಳು ಸಂಕಟ ಅಂದಿದ್ರು. ಮೂರನೇ ಸುತ್ತಲ್ಲಿ ನನ್ನ ಬೆರಳು ಆಡ್ತಾ ಉಂಟು, ಅವರ ಕಣ್ಣು ನಿಂತುಬಿಟ್ಟಿದೆ. ನನ್ನ ಹಿಂದೆ ಕಿಟಕಿ ಹತ್ರ ಎಲ್ಲೋ ನೋಡ್ತಾ ಚೂಡಿದಾರದ ಶಾಲಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿ ಮಾಡ್ತಾ, ಸಣ್ಣ ಮಗುವಿನ ಸ್ವರದಲ್ಲಿ ತುಳುವಿನಲ್ಲಿ ಹೇಳಿದ್ರು, “ಎಂಕ್ ಪೋಡಿಗೆ ಆಪುಂಡು”, ನನಗೆ ಹೆದರಿಕೆ ಆಗ್ತದೆ ಅಂತ. ನನ್ನ ಹತ್ರ ಅವರು ಯಾವತ್ತೂ ಮಾತಾಡಿದ್ದು ಕನ್ನಡದಲ್ಲೇ. ಸರಿಯಾಗ್ಲಿಕ್ಕೆ ಇಪ್ಪತ್ತು ನಿಮಿಷ ಹಿಡೀತು. ಆಮೇಲೆ ಹೊರಗೆ ನೋಡಿ “ಮಳೆ ಬಂತಾ?” ಅಂತ ಕೇಳಿದ್ರು, ಅಷ್ಟೊತ್ತಿಗೆ ಅಂಗಳದಲ್ಲಿ ನೀರು ಹರೀತಿತ್ತು.

ಎರಡು ದಿನ ಬಿಟ್ಟು ರಾತ್ರಿ ಅವರ ನಂಬರಿನಿಂದ ಮಲಯಾಳದಲ್ಲಿ ಒಂದು ಮೆಸೇಜ್, ಇನ್ನು ಬರುದಿಲ್ಲ, ಅವಳನ್ನು ಬಿಟ್ಟುಬಿಡಿ ಅಂತ. ಮರುದಿನ ಫೋನ್ ಮಾಡಿದ್ರೆ ಅವರಿಗೆ ಕಳಿಸಿದ್ದೇ ಗೊತ್ತಿಲ್ಲ.

ಈಗ ಒಬ್ರು ಮೊದಲು ಪಾರ್ಟ್ಸ್ ವರ್ಕ್ ಪೂರ್ತಿ ಮುಗಿಸು ಅಂತಾರೆ, ಇನ್ನೊಬ್ರು ಪ್ರೋಟೋಕಾಲ್ ಬಿಟ್ಟು ಆಚೀಚೆ ಹೋಗ್ಬೇಡ ಅಂತಾರೆ. ಕೈಯಾರೆ ಮಾಡಿದವರು ದಯವಿಟ್ಟು ಹೇಳಿ, ಅವರಿಗೆ ಇನ್ನೊಮ್ಮೆ ನನ್ನಿಂದ ನೋವಾಗಬಾರದು.

ಪಡುಗಡಲು

ಮೇಡಂ, ನಾನು ಮಂಗಳೂರಲ್ಲಿ ಇದೇ ಕೆಲಸ ಮಾಡ್ತೇನೆ, ಹನ್ನೆರಡು ವರ್ಷ ಆಯ್ತು. ಮೊದಲು ಐ ಮೂವ್‌ಮೆಂಟ್ ನಿಲ್ಲಿಸಿ. ನಿಲ್ಲಿಸಿದ್ರೂ ನೀವು ಇಎಂಡಿಆರ್ ಬಿಟ್ಟ ಹಾಗೆ ಆಗುದಿಲ್ಲ, ಎಂಟು ಹಂತದಲ್ಲಿ ಎರಡನೇದು ತಯಾರಿ, ಇಂಥವರಿಗೆ ಅದೇ ತಿಂಗಳುಗಟ್ಟಲೆ ಹೋಗ್ತದೆ. 1989ರಲ್ಲಿ ಇದರ ಮೊದಲ ಪೇಪರ್ ಬರೆದ ಫ್ರಾನ್ಸೀನ್ ಶಪೀರೋ ಅವರೇ, ನೆನಪನ್ನು ಮುಟ್ಟುವ ಮೊದಲು ಡಿಸೋಸಿಯೇಷನ್ ಉಂಟಾ ನೋಡಿ ಅಂತ ಎಚ್ಚರಿಸಿದ್ದಾರೆ. ಡಿಇಎಸ್ ಅಂತ ಡಿಸೋಸಿಯೇಷನ್ ಅಳೆಯುವ ಪ್ರಶ್ನಾವಳಿ ಉಂಟು, ಅದು ಕೊಡಿ, 28 ಪ್ರಶ್ನೆ, ಸರಾಸರಿ 30ರ ಮೇಲೆ ಬಂದ್ರೆ ವಿವರವಾಗಿ ನೋಡ್ಬೇಕು ಅಂತ ಅರ್ಥ, ಅದೇ ಡಯಾಗ್ನೋಸಿಸ್ ಅಲ್ಲ.

ಯಾಕೆ ಹೀಗಾಗ್ತದೆ ಅಂದ್ರೆ, ಇಎಂಡಿಆರಿನ ಕೆಲಸವೇ ಒಂದು ನೆನಪಿಗೆ ಇನ್ನೊಂದನ್ನು ಕೊಂಡಿ ಹಾಕುದು. ಬೈಕಿನ ಹೆದರಿಕೆ ಹಿಡ್ಕೊಂಡು ಹೋದ್ರೆ ಅದೇ ಥರದ ಹಳೇ ಹೆದರಿಕೆಯ ಬಾಗಿಲು ತೆರೀತದೆ. ಹೆಚ್ಚಿನವರಿಗೆ ಅದು ಒಳ್ಳೇದೇ, ಆದ್ರೆ ಬದುಕಿ ಉಳೀಲಿಕ್ಕೆ ಅಂತಲೇ ಒಳಗೆ ಗೋಡೆ ಕಟ್ಕೊಂಡವರಿಗೆ ಆ ಗೋಡೆ ಒಂದೇ ಸಲ ಬಿದ್ದ ಹಾಗೆ ಆಗ್ತದೆ.

ಆ ತುಳು ಮಾತಾಡಿದ ಮಗುವನ್ನು ರಿಚರ್ಡ್ ಶ್ವಾರ್ಟ್ಸ್ ಅವರ ಐಎಫ್ಎಸ್ಸಲ್ಲಿ ಎಕ್ಸೈಲ್ ಅಂತಾರೆ, ಅಂದ್ರೆ ನೋವು ಹೊತ್ತುಕೊಂಡು ಒಳಗೆ ಬಚ್ಚಿಟ್ಟದ್ದು. ಮಲಯಾಳದಲ್ಲಿ ಮೆಸೇಜ್ ಕಳಿಸಿದ್ದು ಪ್ರೊಟೆಕ್ಟರ್, ಮನೆ ಕಾಯುವವರು. ಹೆಚ್ಚಿನವರು ಮಗು ಅಳುದು ಕೇಳಿದ ಕೂಡ್ಲೆ ಅದರ ಹತ್ರ ಓಡ್ತಾರೆ, ನಾನೂ ಮೊದಮೊದಲು ಹಾಗೇ ಮಾಡಿದ್ದೆ. ಬೇಡ. ಬಾಗಿಲಲ್ಲಿ ಕೂತವರ ಹತ್ರ ಮೊದಲು ಮಾತಾಡಿ, ಮೆಸೇಜ್ ಕಳಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿ, ಅವರಿಗೆ ಎಂತ ಹೆದರಿಕೆ ಅಂತ ಕೇಳಿ. ಮತ್ತೆ ಅವರ ಭಾಷೆಯಲ್ಲೇ ಕೇಳಿ ಮೇಡಂ, ನಮ್ಮ ಕಡೆ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಪೆಟ್ಟು ಬಿದ್ದದ್ದು ಯಾವ ಭಾಷೆಯಲ್ಲೋ ಪಾರ್ಟ್ ಉಳ್ಕೊಂಡದ್ದೂ ಅದರಲ್ಲೇ ಇರ್ತದೆ ಎಷ್ಟೋ ಸಲ. ಕನ್ನಡದಲ್ಲಿ “ನೀನೀಗ ಸೇಫ್” ಅಂದ್ರೆ ಆ ಮಗುವಿಗೆ ಅದು ಪಕ್ಕದ ಮನೆಯ ಮಾತು. ಆದ್ರೆ ಪಾರ್ಟನ್ನು ಮುಂದೆ ಕರ್ದು ಕೂರಿಸ್ಬೇಡಿ, ಕ್ಲೈಂಟೇ ಒಳಗೆ ಕಿವಿ ಕೊಟ್ಟು ಕೇಳಿ ನಿಮಗೆ ಹೇಳ್ಲಿ.

ಒಪ್ಪಿಗೆ ಸಿಕ್ಕಿದ ಮೇಲೂ ಕಣ್ಣು ಬೇಡ, ಟ್ಯಾಪಿಂಗ್, ಅಂದ್ರೆ ಎಡ ಬಲ ಮೆಲ್ಲ ತಟ್ಟುದು ಸಾಕು, ಅದೂ ನಾಲ್ಕೈದು ಸಲ. ನೆನಪಿನ ಅಂಚು ಮಾತ್ರ. ಜಿಮ್ ನೈಪ್ ಅವರದ್ದೊಂದು ವಿಧಾನ ಉಂಟು, ಸೈಪಾಸ್ ಅಂತ. ಮೊದಲು ಈ ಕೋಣೆ, ಈ ಕುರ್ಚಿ, ಇವತ್ತಿನ ದಿನ ಇದನ್ನೇ ಟ್ಯಾಪಿಂಗ್ ಮಾಡಿ ಗಟ್ಟಿ ಮಾಡುದು, ಮತ್ತೆ ನೆನಪನ್ನು ಬರೀ ನಾಲ್ಕು ಸೆಕೆಂಡು ನೋಡ್ಲಿಕ್ಕೆ ಬಿಡುದು, ನೀವೇ ಎಣಿಸ್ಬೇಕು, ತಕ್ಷಣ ವಾಪಸ್ ಕೋಣೆಗೆ ಕರ್ಕೊಂಡು ಬರ್ಬೇಕು. ಎಷ್ಟು ‘ಇಲ್ಲಿ’ ಇದ್ದಾರೆ ಅಂತ ಅವರ ಕೈಯಿಂದಲೇ ತೋರಿಸ್ಲಿಕ್ಕೆ ಹೇಳಿ, ಕೈ ಮುಂದೆ ಚಾಚಿದ್ರೆ ಪೂರ್ತಿ ಇಲ್ಲಿ, ತಲೆ ಹಿಂದೆ ಹೋದ್ರೆ ಪೂರ್ತಿ ಅಲ್ಲಿ. ಕೈ ಕೆನ್ನೆ ದಾಟಿ ಹಿಂದೆ ಸರಿದ್ರೆ ಅವತ್ತಿಗೆ ಸಾಕು.

ಪಾರ್ಟ್ಸ್ ಎಲ್ಲ ಸೇರುವ ಜಾಗಕ್ಕೆ ಜಾರ್ಜ್ ಫ್ರೇಸರ್ ಅವರು ಮೇಜು ಕುರ್ಚಿ ಕಲ್ಪನೆ ಕೊಟ್ಟಿದ್ದಾರೆ. ನಾನು ಜಗಲಿ ಅಂತೇನೆ. ಬರುವವರು ಬಂದು ಕೂರ್ಲಿ, ಮನಸ್ಸಿಲ್ಲದವರು ಬಾಗಿಲ ಸಂದಿಯಿಂದ ನೋಡಿದ್ರೂ ಆಯ್ತು.

ಗೇರುಗುಡ್ಡೆ

ಅಕ್ಕ, ನಾನು ಥೆರಪಿಸ್ಟ್ ಅಲ್ಲ, ಆ ಕುರ್ಚಿಯ ಈಚೆ ಕೂತವಳು. ಮಂಜೇಶ್ವರ ಹತ್ರ ಮನೆ. ಮೇಲಿನವರು ಬರೆದದ್ದು ಓದಿ ಕಣ್ಣಲ್ಲಿ ನೀರು ಬಂತು, ಯಾಕಂದ್ರೆ ನನಗೂ ಮೊದಲು ಒಂದು ಕಡೆ ಎರಡನೇ ವಾರಕ್ಕೇ ಲೈಟ್ ಬಾರ್ (ಬೆರಳಿನ ಬದಲು ಬೆಳಕು ಆಚೀಚೆ ಓಡುವ ಪಟ್ಟಿ) ನೋಡ್ಲಿಕ್ಕೆ ಹೇಳಿದ್ರು, ಆಮೇಲೆ ಹತ್ತು ದಿನ ನಾನು ಯಾರು ಅಂತ ನನಗೇ ಸರಿಯಾಗಿ ಗೊತ್ತಿರ್ಲಿಲ್ಲ, ಅಡಿಗೆ ಮಾಡಿರ್ತೇನೆ, ಮಾಡಿದ್ದು ನೆನಪಿಲ್ಲ. ಈಗ ನೋಡುವ ಡಾಕ್ಟ್ರು ಎಂಟು ತಿಂಗಳು ನೆನಪಿನ ಸುದ್ದಿಗೇ ಹೋಗ್ಲಿಲ್ಲ.

ಜಗಲಿ ವಿಷಯದಲ್ಲಿ ಒಂದು ಮಾತು. ನನಗೂ ಅದೇ ಹೇಳಿದ್ರು, ಆದ್ರೆ ನನಗೆ ಆದದ್ದೆಲ್ಲ ಮನೆ ಒಳಗೇ, ಜಗಲಿ ಅಂದ ಕೂಡ್ಲೆ ಕೈಕಾಲು ತಣ್ಣಗೆ. ಕೊನೆಗೆ ನನ್ನ ಒಳಗಿನ ಸಣ್ಣವಳೇ ಗುಡ್ಡೆ ಮೇಲಿನ ಗೇರು ಮರ ಆರಿಸಿದ್ಳು, ಕೆಳಗಿನ ಕೊಂಬೆಯಲ್ಲಿ ಕೂತ್ರೆ ಯಾರು ಬರ್ತಾರೆ ಅಂತ ದೂರದಿಂದಲೇ ಕಾಣ್ತದೆ. ಜಾಗ ಅವರೇ ಹೇಳ್ಲಿ ಅಕ್ಕ.

ವಾಪಸ್ ಬರ್ಲಿಕ್ಕೆ ನನಗೆ ಐದು ವಸ್ತು ನೋಡು, ನಾಲ್ಕು ಮುಟ್ಟು ಅಂತದ್ದೆಲ್ಲ ಆಗುದಿಲ್ಲ. ಒಣಗಿದ ಪುನರ್ಪುಳಿ ಸಿಪ್ಪೆ ಒಂದು ಚೂರು ಬಾಯಿಗೆ ಹಾಕಿದ್ರೆ ಆ ಹುಳಿಗೆ ದವಡೆ ಬಿಗೀತದೆ ನೋಡಿ, ಆಗ ನಾನು ಈ ಕೋಣೆಯಲ್ಲಿದ್ದೇನೆ ಅಂತ ಗೊತ್ತಾಗ್ತದೆ. ಪರ್ಸಲ್ಲಿ ಯಾವಾಗ್ಲೂ ಒಂದು ಪೊಟ್ಟಣ ಉಂಟು.

ಮತ್ತೆ ‘ಇಂಟಿಗ್ರೇಷನ್’, ಅಂದ್ರೆ ಪಾರ್ಟ್ಸ್ ಎಲ್ಲ ಒಂದಾಗುದು, ಅನ್ನುವ ಶಬ್ದ ಮೊದಲೇ ಹೇಳ್ಬೇಡಿ. ನಮ್ಮನ್ನು ಇಲ್ಲದ ಹಾಗೆ ಮಾಡ್ಲಿಕ್ಕೆ ಬಂದಿದ್ದಾರೆ ಅಂತ ಒಳಗಿನವರಿಗೆ ಅನ್ನಿಸಿದ್ರೆ ಬಾಗಿಲು ಮುಚ್ಚಿತು, ಮತ್ತೆ ತೆರೀಲಿಕ್ಕೆ ನನಗೆ ಒಂದು ಇಡೀ ಮಳೆಗಾಲ ಬೇಕಾಯ್ತು.

ಓಪಿಡಿ_ಡಾಕ್ಟ್ರು

ಸೈಕಿಯಾಟ್ರಿಸ್ಟ್ ಆಗಿ ಎರಡು ವಿಷಯ. ಸಮಯ ಕಳೆದುಹೋಗುದು, ಕಣ್ಣು ನಿಲ್ಲುದು ಅಂದ್ರೆ ಫಿಟ್ಸ್ ಅಲ್ಲ ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ, ನ್ಯೂರಾಲಜಿಸ್ಟಿಗೆ ತೋರಿಸಿ. ಇನ್ನೊಂದು, ಈ ಕಡೆ ಮನೆಯವರು ದೈವ ಬಂದದ್ದು ಅಂತ ಹೇಳಬಹುದು. ಕೋಲದಲ್ಲಿ ದರ್ಶನ ಬರುದು ರೋಗ ಅಲ್ಲ, ಡಾಕ್ಟ್ರುಗಳು ಮಾನಸಿಕ ಕಾಯಿಲೆ ಗುರುತಿಸ್ಲಿಕ್ಕೆ ಬಳಸುವ ಕೈಪಿಡಿ ಡಿಎಸ್ಎಂ-5 ಕೂಡ ಒಪ್ಪಿತ ಧಾರ್ಮಿಕ ಆಚರಣೆಯನ್ನು ಹೊರಗಿಟ್ಟೇ ಡಯಾಗ್ನೋಸಿಸ್ ಹೇಳ್ತದೆ. ತನಗೆ ಬೇಡದೆ, ಹೊತ್ತು ಗೊತ್ತಿಲ್ಲದೆ ಬಂದು ಬದುಕಿಗೆ ತೊಂದರೆ ಕೊಡ್ತದಾ ಅಂತ ನೋಡಿ. ಮನೆಯವರ ನಂಬಿಕೆ ಜೊತೆ ಜಗಳ ಬೇಡ.

ಆಧಾರದ ಮಾತು ಬಂದ್ರೆ, ಪಿಟಿಎಸ್‌ಡಿಗೆ (ಆಘಾತ ಆದ ಮೇಲೆ ಕಾಡುವ ಕಾಯಿಲೆ) ಇಎಂಡಿಆರನ್ನು ಡಬ್ಲ್ಯೂಎಚ್‌ಓ 2013ರಲ್ಲೇ ಶಿಫಾರಸು ಮಾಡಿದೆ. ಡಿಸೋಸಿಯೇಟಿವ್ ಡಿಸಾರ್ಡರಿಗೆ ಪಾರ್ಟ್ಸ್ ವರ್ಕ್ ಸೇರಿಸಿ ಮಾಡುದಕ್ಕೆ ಇರುವುದು ಹೆಚ್ಚಾಗಿ ಥೆರಪಿಸ್ಟರ ಅನುಭವ, ಕೇಸ್ ವರದಿ. ಡಿಸೋಸಿಯೇಷನ್ ತಜ್ಞರ ಅಂತಾರಾಷ್ಟ್ರೀಯ ಸಂಘ ಐಎಸ್ಎಸ್‌ಟಿಡಿಯ 2011ರ ಮಾರ್ಗಸೂಚಿ ಹೇಳುದು ಮೂರು ಹಂತ, ಮೊದಲು ಸ್ಥಿರತೆ. ಹಾಗಂತ ವರ್ಷಗಟ್ಟಲೆ ತಯಾರಿಯಲ್ಲೇ ಕೂರುದೂ ನನಗೆ ಸರಿ ಕಾಣುದಿಲ್ಲ, ಮತ್ತೆ ಮತ್ತೆ ಆಘಾತ ಆದವರಲ್ಲಿ ಕಾಣುವ ಕಾಂಪ್ಲೆಕ್ಸ್ ಪಿಟಿಎಸ್‌ಡಿಯಲ್ಲಿ ಅಷ್ಟು ಕಾಯ್ಬೇಕಾ ಅಂತ ಡಿ ಯಾಂಗ್ ಮತ್ತವರ ಜೊತೆಯವರು 2016ರಲ್ಲೇ ಪ್ರಶ್ನೆ ಎತ್ತಿದ್ದಾರೆ. ನಿಮ್ಮ ಕ್ಲೈಂಟ್ ಥರ ಪೂರ್ತಿ ಮರೆವು ಇದ್ದವರಲ್ಲಿ ಮಾತ್ರ ನಾನು ಕಾಯುವ ಪಕ್ಷ. ನಡುರಾತ್ರಿ ಕಷ್ಟ ಆದ್ರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅವರ ಫೋನಲ್ಲಿ ಹಾಕಿ ಕೊಡಿ.

ಗಡಿನಾಡ_ಕೌನ್ಸೆಲರ್

ಮೂರು ವಾರ ಬಿಟ್ಟು ಬರೀತಿದ್ದೇನೆ, ಎಲ್ಲರಿಗೂ ಕೈಮುಗಿದೆ. ಫಿಟ್ಸ್ ಉಂಟಾ ನೋಡುವ ಇಇಜಿ ಆಯ್ತು, ತೊಂದರೆ ಇಲ್ಲ ಅಂದ್ರು. ಡಿಇಎಸ್ ಮೂವತ್ತಕ್ಕಿಂತ ಸುಮಾರು ಮೇಲೆ. ಅನುಭವ ಇದ್ದ ಇನ್ನೊಬ್ರು ಸೂಪರ್‌ವೈಸರ್ ಕೂಡ ಸಿಕ್ಕಿದ್ರು.

ಕಾಯುವವರ ಹತ್ರ ಮಲಯಾಳದಲ್ಲಿ ಮಾತಾಡಿದೆ. ಕ್ಲೈಂಟ್ ಕಣ್ಣು ಮುಚ್ಚಿ ಸುಮಾರು ಹೊತ್ತು ಕೂತು, ಒಳಗಿಂದ “ನೀ ಆರಾ?”, ನೀನು ಯಾರು ಅಂತ ಕೇಳ್ತಿದ್ದಾರೆ ಅಂದ್ರು. ನನ್ನ ಹೆಸರು ಹೇಳಿದೆ, ಅವತ್ತು ಕೇಳದೆ ಒಳಗೆ ಬಂದದ್ದು ತಪ್ಪಾಯ್ತು ಅಂತಲೂ ಹೇಳಿದೆ. ಎಂತ ಹೆದರಿಕೆ ಅಂತ ಕೇಳಿದ್ದಕ್ಕೆ ಬಂದ ಉತ್ತರ ನಾನು ಎಣಿಸಿದ್ದೇ ಅಲ್ಲ. ಅವತ್ತು ಸಂಜೆ ಸೆಷನ್ ಮುಗಿಸಿ ಕತ್ತಲೆಗೆ ಒಬ್ಬಳೇ ಬಸ್ಸಲ್ಲಿ ಹೋದದ್ದು, ದಾರಿಯಲ್ಲಿ ಆ ಮಗು ಅಳ್ತಾನೇ ಇತ್ತಂತೆ, ಬಸ್ಸು ತುಂಬ ಜನ, ಹೇಗೋ ಮನೆ ಮುಟ್ಟಿಸಿದ್ದು ತಾನೇ ಅಂತ. ಹಗಲು ಹೊತ್ತು ಮಾತ್ರ, ಜೊತೆಗೆ ಒಬ್ರು ಇರ್ಬೇಕು, ಅದು ಅವರ ಷರತ್ತು.

ಸೆಷನ್ ಈಗ ಬೆಳಿಗ್ಗೆ ಹತ್ತೂವರೆಗೆ ಮಾಡಿದ್ದೇನೆ, ಅವರ ತಂಗಿ ಹೊರಗೆ ಬೆಂಚಲ್ಲಿ ಕಾಯ್ತಾಳೆ. ಕೂರುವ ಜಾಗ ಯಾವುದು ಅಂತ ಇನ್ನೂ ಒಳಗೆ ಮಾತುಕತೆ ನಡೀತಾ ಉಂಟು, ಜಗಲಿ ಅವರಿಗೂ ಬೇಡವಂತೆ. ನನ್ನ ಮೇಜಿನ ಮೇಲೆ ಒಂದು ಡಬ್ಬಿಯಲ್ಲಿ ಪುನರ್ಪುಳಿ ಸಿಪ್ಪೆ ಇಟ್ಟಿದ್ದೇನೆ. ನಾಳೆ ಬರ್ತಾರೆ, ಟ್ಯಾಪಿಂಗ್ ಸದ್ಯಕ್ಕಿಲ್ಲ.