ಪಾಪ್ ಆರ್ಟ್ ಭಾವಚಿತ್ರ: ಟೇಪಿನಡಿ ಬಣ್ಣ ನುಸುಳುತ್ತಿದೆ

ಪ್ರಶ್ನೆ, ಧಾರವಾಡದಿಂದ:
ತಂಬೂರಿ ಹಿಡಿದು ಕುಳಿತ ಗಂಗೂಬಾಯಿ ಹಾನಗಲ್ ಅವರನ್ನು ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್‌ನಲ್ಲಿ, ಪಾಪ್ ಆರ್ಟ್ ಶೈಲಿಯಲ್ಲಿ (ಜಾಹೀರಾತು, ಕಾಮಿಕ್ಸ್‌ಗಳಂತೆ ಗಾಢವಾದ ಚಪ್ಪಟೆ ಬಣ್ಣಗಳಲ್ಲಿ) ಬಿಡಿಸುತ್ತಿದ್ದೇನೆ. ಬಣ್ಣದ ಅಂಚು ನೇರವಾಗಿರಲೆಂದು ಅಂಟಿಸಿದ ಟೇಪ್ ಕಿತ್ತಾಗಲೆಲ್ಲ ಸೀರೆಯ ಕೆಂಪು ಹಿನ್ನೆಲೆಯ ಹಳದಿಯೊಳಗೆ ನುಸುಳಿರುತ್ತದೆ. ಏನು ಮಾಡಬೇಕು?

ಉತ್ತರ, ಹುಬ್ಬಳ್ಳಿಯಿಂದ:
ಟೇಪ್ ಅಂಟಿಸಿದ ಮೇಲೆ ಅದರ ಅಂಚಿಗೆ ಮೊದಲು ಅದೇ ಹಳದಿಯನ್ನು ತೆಳುವಾಗಿ ಹಚ್ಚಿ ಒಣಗಿಸಿರಿ; ನುಸುಳುವುದಿದ್ದರೆ ಹಳದಿಯೇ ನುಸುಳಿ ಸಂದು ಮುಚ್ಚಿಕೊಳ್ಳುವುದರಿಂದ, ಆಮೇಲೆ ಹಚ್ಚುವ ಕೆಂಪಿನ ಗೆರೆ ಕತ್ತರಿಸಿಟ್ಟಂತೆ ನಿಲ್ಲುತ್ತದೆ. ಕೆಂಪು ಪೂರ್ತಿ ಒಣಗುವ ಮೊದಲೇ ಟೇಪನ್ನು ಓರೆಯಾಗಿ ಎಳೆಯಿರಿ.

ಉತ್ತರ, ಗದಗಿನಿಂದ:
ಮುಖದ ನೆರಳನ್ನು ದಯವಿಟ್ಟು ಮೃದುವಾಗಿ ಬೆರೆಸಬೇಡಿ. ಅಮೆರಿಕದ ಪಾಪ್ ಆರ್ಟ್ ಕಲಾವಿದ ರಾಯ್ ಲಿಕ್ಟೆನ್‌ಸ್ಟೈನ್ 1960ರ ದಶಕದಲ್ಲಿ ಮುದ್ರಣದ ಚುಕ್ಕೆಗಳನ್ನು ಹಿಗ್ಗಿಸಿ ಮೈಬಣ್ಣ ತೋರಿಸಿದಂತೆ, ತೂತುಗಳಿರುವ ತಗಡನ್ನು ಅಚ್ಚಾಗಿಟ್ಟು ಸ್ಪಂಜಿನಿಂದ ಚುಕ್ಕೆ ಒತ್ತಿರಿ. ಮೂಗುತಿಯನ್ನು ಮಾತ್ರ ಅಪ್ಪಟ ಬಿಳಿಯಾಗಿ ಉಳಿಸಿರಿ. ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.